ಹೊಸ ಸ್ಪೀಕರ್, ಆಂಪ್‌ಗೆ 200 ಗಂಟೆಯ ಬ್ರೇಕ್-ಇನ್ ಬೇಕಾ? ಕರಾವಳಿಯ ಮನೆಯಲ್ಲೇ ಪರೀಕ್ಷಿಸಿ ನೋಡುವ ಸಮಗ್ರ ಮಾರ್ಗದರ್ಶಿ

ಮಂಗಳೂರಲ್ಲಾಗಲಿ ಉಡುಪಿಯಲ್ಲಾಗಲಿ, ಲಕ್ಷದ ಲೆಕ್ಕದಲ್ಲಿ ಸ್ಪೀಕರ್ ಅಥವಾ ಆಂಪ್ (ಆಂಪ್ಲಿಫೈಯರ್) ತೆಗೆದುಕೊಳ್ಳಲು ಹೊರಟವರ ಕಿವಿಗೆ ಒಂದು ಮಾತು ಬಿದ್ದೇ ಬೀಳುತ್ತದೆ. ಈಗಲೇ ತೀರ್ಮಾನ ಮಾಡಬೇಡಿ ಸರ್, 200 ಗಂಟೆ ಓಡಲಿ, ಆಮೇಲೆ ಹೇಳಿ. ಹೀಗೆ ಓಡಿಸಿ ಪಳಗಿಸುವುದಕ್ಕೇ ಬ್ರೇಕ್-ಇನ್ ಅಥವಾ ಬರ್ನ್-ಇನ್ ಅನ್ನುತ್ತಾರೆ. ಕೇಬಲ್ ಮಾರುವವರು ಇನ್ನೂ ಧಾರಾಳ, 400 ಗಂಟೆ ಅಂತಾರೆ. ದಿನಕ್ಕೆ ಎರಡು ಗಂಟೆ ಹಾಡು ಕೇಳುವ ಮನೆಯಲ್ಲಿ 200 ಗಂಟೆ ಅಂದರೆ 100 ದಿನ. ಮೇ ಕೊನೆಗೆ ತಂದ ಸ್ಪೀಕರ್ ‘ಸರಿ’ಯಾಗುವಾಗ ಚೌತಿ ಬಂದಿರುತ್ತದೆ. ವಾಪಸ್ ಕೊಡುವ ಅವಧಿ ಯಾವಾಗಲೋ ಮುಗಿದಿರುತ್ತದೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಅಲುಗಾಡುವ ಭಾಗ ಇರುವ ವಸ್ತುಗಳು ಸ್ವಲ್ಪ ಬದಲಾಗುತ್ತವೆ, ಅದು ಸುಳ್ಳಲ್ಲ. ಆದರೆ ಆ ಬದಲಾವಣೆಯ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗಿ ಮುಗಿಯುತ್ತದೆ. ಅಲುಗಾಡುವ ಭಾಗವೇ ಇಲ್ಲದ ಆಂಪ್, ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ), ಕೇಬಲ್‌ಗಳು ನೂರಾರು ಗಂಟೆ ‘ಪಳಗಬೇಕು’ ಅನ್ನುವುದಕ್ಕೆ ಆಧಾರ ಇಲ್ಲ. ನನ್ನ ಮಾತನ್ನೂ ನಂಬಬೇಕಾಗಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ ಕೆಳಗೆ ಉಂಟು.

ಹಂತ 1: ತಂದ ವಸ್ತು ಯಾವ ಜಾತಿಯದು ನೋಡಿ

ಮೊದಲು ಸ್ಪೀಕರ್. ಇದರ ಕೋನನ್ನು ಎರಡು ಕಡೆ ಹಿಡಿದಿಟ್ಟಿರುತ್ತಾರೆ. ಹೊರ ಅಂಚಿನಲ್ಲಿ ರಬ್ಬರ್, ಫೋಮ್ ಅಥವಾ ಬಟ್ಟೆಯ ಸರೌಂಡ್ ಇರುತ್ತದೆ. ಒಳಗೆ ಕೋನನ್ನು ಅಲುಗಿಸುವ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್ ಹತ್ತಿರ ನೆರಿಗೆ ನೆರಿಗೆಯಾದ ಸ್ಪೈಡರ್ ಇರುತ್ತದೆ. ಈ ಸ್ಪೈಡರ್ ಸಾಮಾನ್ಯವಾಗಿ ಫಿನಾಲಿಕ್ ರೆಸಿನ್‌ನಲ್ಲಿ ಅದ್ದಿ, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ಬಟ್ಟೆ. ಹೊಸತರಲ್ಲಿ ಗಟ್ಟಿಯಾಗಿರುತ್ತದೆ. ಕೋನ್ ಜೋರಾಗಿ ಹಿಂದೆ ಮುಂದೆ ಆಡಿದಾಗ ರೆಸಿನ್ ಅಲ್ಲಲ್ಲಿ ಸಡಿಲಾಗಿ ಬಟ್ಟೆ ಸ್ವಲ್ಪ ಮೆತ್ತಗಾಗುತ್ತದೆ. 40 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ, ಒಂದು ಸ್ವರ ನುಡಿಸಿದರೆ ಕೋನ್ ಒಂದು ಗಂಟೆಯಲ್ಲಿ 1,44,000 ಸಲ ಹೋಗಿ ಬರುತ್ತದೆ. ಇಷ್ಟು ಸಲ ಬಗ್ಗಿದ ಬಟ್ಟೆಗೆ ಇನ್ನು ಮೂರು ತಿಂಗಳು ಬೇಕೇನು? ಹೊಸ ಕಬ್ಬಿಣದ ಕಾವಲಿ ಮೊದಲ ನಾಲ್ಕು ನೀರುದೋಸೆ ಹಿಡಿದುಕೊಳ್ಳುತ್ತದೆ, ಆಮೇಲೆ ತನ್ನಷ್ಟಕ್ಕೆ ಬಿಡುತ್ತದೆ. ನೂರನೇ ದೋಸೆಗೂ ಇನ್ನೂರನೇ ದೋಸೆಗೂ ಯಾರೂ ವ್ಯತ್ಯಾಸ ಹುಡುಕುವುದಿಲ್ಲ.

ಸ್ಪೈಡರ್ ಮೆತ್ತಗಾದರೆ ಶಬ್ದ ಎಷ್ಟು ಬದಲಾಗುತ್ತದೆ? ಇಲ್ಲಿ ಲೆಕ್ಕ ಮಜವಾಗಿದೆ. ಎಂಜಿನಿಯರ್‌ಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಕೊಟ್ಟ ಸೂತ್ರಗಳನ್ನೇ ಇಂದಿಗೂ ಸ್ಪೀಕರ್ ಪೆಟ್ಟಿಗೆ ಮಾಡುವವರು ಬಳಸುತ್ತಾರೆ. ಬೇಸ್ ನುಡಿಸುವ ಒಂದು ವೂಫರ್‌ನ ಸಹಜ ಅನುರಣನ (ಅದು ತನ್ನಷ್ಟಕ್ಕೆ ತೂಗುವ ವೇಗ) 40 ಹರ್ಟ್ಸ್, ಅದರ ಬಿಗಿತಕ್ಕೆ ಸಮನಾದ ಗಾಳಿಯ ಗಾತ್ರ 30 ಲೀಟರ್ ಅಂತಿಟ್ಟುಕೊಳ್ಳಿ. ಅದನ್ನು 15 ಲೀಟರಿನ ಮುಚ್ಚಿದ ಪೆಟ್ಟಿಗೆಗೆ ಕೂರಿಸಿದರೆ ಅನುರಣನ ಸುಮಾರು 69 ಹರ್ಟ್ಸ್‌ಗೆ ಏರುತ್ತದೆ. ಈಗ ಸಸ್ಪೆನ್ಶನ್, ಅಂದರೆ ಸರೌಂಡ್ ಮತ್ತು ಸ್ಪೈಡರ್, ಶೇ. 20 ಮೆತ್ತಗಾಯಿತು ಅನ್ನೋಣ, ಅದು ಸಾಕಷ್ಟು ದೊಡ್ಡ ಬದಲಾವಣೆಯೇ. ಬರಿಯ ವೂಫರ್ 40ರಿಂದ 36.5ಕ್ಕೆ ಇಳಿಯುತ್ತದೆ. ಪೆಟ್ಟಿಗೆಯೊಳಗೆ? 69ರಿಂದ 67ಕ್ಕೆ. ಎರಡೇ ಹರ್ಟ್ಸ್. ಪೆಟ್ಟಿಗೆಯೊಳಗಿನ ಗಾಳಿಯೇ ದೊಡ್ಡ ಸ್ಪ್ರಿಂಗ್ ಆಗಿರುವುದರಿಂದ ಸ್ಪೈಡರ್‌ನ ಬದಲಾವಣೆ ಅದರ ಮುಂದೆ ಚಿಕ್ಕದಾಗಿ ಬಿಡುತ್ತದೆ. ಬೇಸ್ ‘ಅರಳಿತು’ ಅನ್ನುವಷ್ಟು ಇದರಲ್ಲಿ ಏನೂ ಇಲ್ಲ. ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಅಂತೂ ಕೂದಲೆಳೆಯಷ್ಟೇ ಅಲುಗುತ್ತದೆ, ಅಲ್ಲಿ ಸಡಿಲಾಗಲು ಜಾಸ್ತಿ ಏನಿಲ್ಲ.

ಹೆಡ್‌ಫೋನ್‌ನಲ್ಲಿ ಡ್ರೈವರ್‌ಗಿಂತ ಕಿವಿಯ ಪ್ಯಾಡ್ ಮುಖ್ಯ. ವಾರಗಟ್ಟಲೆ ಹಾಕಿದ ಮೇಲೆ ಪ್ಯಾಡ್ ಅಮರುತ್ತದೆ, ಡ್ರೈವರ್ ಕಿವಿಗೆ ಹತ್ತಿರ ಬರುತ್ತದೆ, ಬೇಸ್ ಬದಲಾಗುತ್ತದೆ. ಇದು ನಿಜವಾದ ಬದಲಾವಣೆ. ಆದರೆ ಇದನ್ನು ಸವಕಳಿ ಅನ್ನಬೇಕು. ಪ್ಯಾಡ್ ಹೊಸದು ಹಾಕಿದ ದಿನ ಇಡೀ ಬದಲಾವಣೆ ವಾಪಸ್.

ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡವರಿಗೆ: ಕಾರ್ಟ್ರಿಡ್ಜ್‌ನ ಸೂಜಿಯನ್ನು ಹಿಡಿದಿರುವ ಪುಟ್ಟ ರಬ್ಬರ್ ಸ್ವಲ್ಪ ಸಡಿಲಾಗುತ್ತದೆ. ತಯಾರಕರು ಹೇಳಿದಷ್ಟು ಹೊತ್ತು ಓಡಿಸಿ, ಆಮೇಲೆ ಸೂಜಿಯ ಭಾರವನ್ನು ಇನ್ನೊಮ್ಮೆ ಅಳೆಯಿರಿ.

ಇನ್ನು ಕೇಬಲ್. ತಾಮ್ರದ ತಂತಿಗೆ ಹಾಡು ಗೊತ್ತಾಗುವುದಿಲ್ಲ. ಸ್ಪೀಕರ್ ತಂತಿಯಲ್ಲಿ ಹರಿಯುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಎಲೆಕ್ಟ್ರಾನ್‌ಗಳು ಇದ್ದಲ್ಲೇ ಹಿಂದೆ ಮುಂದೆ ತೂಗುತ್ತವೆ, ಅಷ್ಟೇ. 400 ಗಂಟೆಯ ನಂತರ ಅದರ ರೆಸಿಸ್ಟೆನ್ಸ್ ಅಳೆದರೆ ಮೊದಲ ದಿನ ಇದ್ದಷ್ಟೇ ಇರುತ್ತದೆ. ನಮ್ಮ ಕಡೆ ಒಂದು ವಿಷಯ ಮಾತ್ರ ಬೇರೆ. ಉಪ್ಪುಗಾಳಿಗೆ ಪ್ಲಗ್ಗು, ಟರ್ಮಿನಲ್‌ಗಳ ಮೇಲೆ ಕಿಲುಬು ಕೂರುತ್ತದೆ. ಹೊಸ ಕೇಬಲ್ ಹಾಕುವಾಗ ಹಳೆಯದನ್ನು ಎಳೆದು ತೆಗೆದು, ಹೊಸದನ್ನು ಒತ್ತಿ ಸಿಕ್ಕಿಸುವಾಗ ಆ ಕಿಲುಬು ಉಜ್ಜಿ ಹೋಗುತ್ತದೆ. ಸಂಪರ್ಕ ಚೊಕ್ಕವಾಗುತ್ತದೆ. ಹೊಗಳಿಕೆ ಕೇಬಲ್‌ಗೆ ಸಿಗುತ್ತದೆ.

ಹಂತ 2: ಬಿಸಿಯಾಗುವುದು ಬೇರೆ, ಪಳಗುವುದು ಬೇರೆ

ಈ ಎರಡನ್ನು ಜನ ಯಾವಾಗಲೂ ಕಲಸಿಬಿಡುತ್ತಾರೆ. ಆಂಪ್ ಆನ್ ಮಾಡಿದ ಕೂಡಲೇ ಟ್ರಾನ್ಸಿಸ್ಟರ್‌ಗಳು ತಣ್ಣಗಿರುತ್ತವೆ. ಬಿಸಿಯಾದಂತೆ ಬಯಾಸ್ ಕರೆಂಟ್, ಅಂದರೆ ಹಾಡು ಇಲ್ಲದಾಗಲೂ ಹರಿಯುವ ಕರೆಂಟ್, ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಈ ಕರೆಂಟ್ ಜಾಸ್ತಿ ಇದ್ದು ತುಂಬಾ ಬಿಸಿಯಾಗುವ ಕ್ಲಾಸ್ ಎ ಆಂಪ್‌ಗೆ ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಇದು ದಿನಾ ನಡೆಯುವ ಸಂಗತಿ. ಹತ್ತು ವರ್ಷ ಹಳೆಯ ಆಂಪ್‌ಗೂ ಇದು ಬೇಕು. ಹಾಗಾಗಿ ಯಾವುದೇ ಹೋಲಿಕೆಗೆ ಮೊದಲು ಆಂಪ್ ಒಂದು ಗಂಟೆ ಆನ್ ಇರಲಿ.

ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವ ವಾಲ್ವ್ ಆಂಪ್ ಆದರೆ ಹೊಸ ವಾಲ್ವ್‌ಗಳು ಆರಂಭದಲ್ಲಿ ಸ್ವಲ್ಪ ಸರಿಯುತ್ತವೆ. ಮೊದಲ ವಾರ ಕಳೆದ ಮೇಲೆ ಬಯಾಸ್ ಇನ್ನೊಮ್ಮೆ ಪರೀಕ್ಷಿಸಿ. ಹೈ ವೋಲ್ಟೇಜ್ ಇರುವ ಜಾಗ ಅದು. ಗೊತ್ತಿಲ್ಲದಿದ್ದರೆ ಕೈ ಹಾಕಬೇಡಿ, ಗೊತ್ತಿರುವವರಿಗೆ ಕೊಡಿ.

‘ಕೆಪಾಸಿಟರ್ ಫಾರ್ಮ್ ಆಗಬೇಕು’ ಅನ್ನುವ ಮಾತೂ ಬರುತ್ತದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನೊಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ಆಕ್ಸೈಡ್ ಪದರ ಇರುವುದು ಹೌದು. ಆದರೆ ಅದನ್ನು ಫ್ಯಾಕ್ಟರಿಯಲ್ಲೇ ಬೆಳೆಸಿ ಕಳುಹಿಸಿರುತ್ತಾರೆ. ಗೋಡೌನಿನಲ್ಲಿ ಕೂತಿದ್ದರೆ ಲೀಕೇಜ್ (ಸೋರುವ ಕರೆಂಟ್) ಸ್ವಲ್ಪ ಏರಿರಬಹುದು, ವೋಲ್ಟೇಜ್ ಬಿದ್ದ ಮೇಲೆ ನಿಮಿಷಗಳಲ್ಲಿ ಇಳಿಯುತ್ತದೆ. ಇದೇ ಕೆಪಾಸಿಟರ್‌ಗೆ ಬಿಸಿ ದೊಡ್ಡ ಶತ್ರು. 10 ಡಿಗ್ರಿ ಜಾಸ್ತಿಯಾದರೆ ಆಯಸ್ಸು ಸುಮಾರು ಅರ್ಧ. ‘ಬರ್ನ್-ಇನ್ ಆಗಲಿ’ ಅಂತ ಮುಚ್ಚಿದ ಟಿವಿ ಕಪಾಟಿನೊಳಗೆ, ಮೇ ತಿಂಗಳ ಸೆಕೆಯಲ್ಲಿ, ಕ್ಲಾಸ್ ಎ ಆಂಪನ್ನು ಹಗಲೂ ರಾತ್ರಿ ಓಡಿಸುವವರು ಸುಮ್ನೆ ಅದರ ಆಯಸ್ಸು ತಿನ್ನುತ್ತಿದ್ದಾರೆ.

ಆದರೂ ಹೊಸ ಎಲೆಕ್ಟ್ರಾನಿಕ್ಸನ್ನು ಮೊದಲ ವಾರಗಳಲ್ಲಿ ಚೆನ್ನಾಗಿ ಬಳಸಬೇಕು ಅನ್ನುವುದಕ್ಕೆ ಒಂದು ನ್ಯಾಯವಾದ ಕಾರಣ ಉಂಟು. ಫ್ಯಾಕ್ಟರಿಗಳಲ್ಲಿ ಬರ್ನ್-ಇನ್ ಮಾಡುವುದೇ ದೋಷದ ಮಾಲನ್ನು ಹಿಡಿಯಲು. ದೋಷ ಇರುವ ಭಾಗ ಬಹಳ ಸಲ ಬೇಗನೇ ಕೈಕೊಡುತ್ತದೆ. ಅದು ವಾರಂಟಿಯೊಳಗೆ, ಸಾಧ್ಯವಾದರೆ ವಾಪಸ್ ಅವಧಿಯೊಳಗೇ, ಕೈಕೊಡಲಿ.

ಹಂತ 3: ತಂದ ದಿನವೇ ಮಾಡಬೇಕಾದದ್ದು

ಬಿಲ್ಲಿನ ಹಿಂಬದಿ ಓದಿ. ವಾಪಸ್ ಎಷ್ಟು ದಿನ, ಪೆಟ್ಟಿಗೆ ಬೇಕಾ, ಬದಲಿ ಕೊಡುತ್ತಾರಾ ದುಡ್ಡು ಕೊಡುತ್ತಾರಾ? ಕೊನೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ‘ಬ್ರೇಕ್-ಇನ್ ಆದ ಮೇಲೂ ಇಷ್ಟವಾಗದಿದ್ದರೆ ವಾಪಸ್ ತೆಗೆದುಕೊಳ್ತೀರಾ?’ ಅಂತ ಅಂಗಡಿಯವರನ್ನೇ ಕೇಳಿ, ಒಪ್ಪಿದರೆ ಬಿಲ್ಲಿನಲ್ಲೇ ಬರೆಸಿಕೊಳ್ಳಿ. 200 ಗಂಟೆಯ ಮೇಲೆ ನಿಜವಾಗಿ ನಂಬಿಕೆ ಇರುವವರು ಬರೆದು ಕೊಡುತ್ತಾರೆ, ಅಲ್ವಾ?

ಎಸಿ ಶೋರೂಮಿನಿಂದ ಮಳೆಗಾಲದ ಮನೆಗೆ ತಂದ ಸಾಮಾನನ್ನು ಕೂಡಲೇ ಆನ್ ಮಾಡಬೇಡಿ. ತಣ್ಣಗಿನ ಲೋಹದ ಮೇಲೆ ನೀರಿನ ಪಸೆ ಕೂರುತ್ತದೆ. ಮೂರ್ನಾಲ್ಕು ಗಂಟೆ ಹಾಗೇ ಇಡಿ.

ಆಮೇಲೆ ಪೊಲಾರಿಟಿ. ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ತಿರುಗಾಮುರುಗಾ ಆಗಿದ್ದರೆ ಬೇಸ್ ಮಾಯವಾಗುತ್ತದೆ. ಹಾಡುವವರು ಎಲ್ಲಿ ನಿಂತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ‘ಇನ್ನೂ ಬ್ರೇಕ್-ಇನ್ ಆಗಿಲ್ಲ’ ಅನ್ನುವ ದೂರುಗಳಲ್ಲಿ ಕೆಲವಕ್ಕಾದರೂ ಇದೇ ಕಾರಣ ಇದ್ದೀತು. ಪರೀಕ್ಷೆ ಸುಲಭ. ಆಂಪ್‌ನಿಂದ ತಂತಿ ಬಿಚ್ಚಿ, 1.5 ವೋಲ್ಟಿನ ಸೆಲ್ಲನ್ನು ಅದಕ್ಕೆ ಒಂದು ಕ್ಷಣ ತಾಗಿಸಿ, ಪ್ಲಸ್ಸಿಗೆ ಕೆಂಪು. ಎರಡೂ ವೂಫರ್‌ಗಳು ಒಂದೇ ದಿಕ್ಕಿಗೆ, ಸಾಮಾನ್ಯವಾಗಿ ಹೊರಗೆ, ಜಿಗಿಯಬೇಕು.

ಹಂತ 4: ಒಂದನ್ನು ಓಡಿಸಿ, ಒಂದನ್ನು ಪೆಟ್ಟಿಗೆಯಲ್ಲಿಡಿ

ಈ ಬರಹದ ಮುಖ್ಯ ಹಂತ ಇದು. ಸ್ಪೀಕರ್ ಜೋಡಿಯಾಗಿ ಬರುತ್ತದೆ. ಬ್ರೇಕ್-ಇನ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಬೇಕಾ?

ಮೊದಲ ದಿನ ಒಂದು ಸ್ಟ್ಯಾಂಡ್ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಎಡದ ಸ್ಪೀಕರನ್ನು ಅಲ್ಲಿಟ್ಟು, ಮೈಕನ್ನು ಒಂದು ಮೀಟರ್ ದೂರದಲ್ಲಿ ಟ್ವೀಟರಿನ ಎತ್ತರಕ್ಕೆ ನಿಲ್ಲಿಸಿ. ಲ್ಯಾಪ್‌ಟಾಪಿನಲ್ಲಿ ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು 20ರಿಂದ 20,000 ಹರ್ಟ್ಸ್‌ವರೆಗೆ ಏರುತ್ತಾ ಹೋಗುವ ಒಂದು ಸ್ವರ, ಅಂದರೆ ಸ್ವೀಪ್, ಓಡಿಸಿ, ಬರುವ ಗೆರೆಯನ್ನು ಸೇವ್ ಮಾಡಿ. ಯುಎಸ್‌ಬಿ ಅಳತೆ ಮೈಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಾಧಾರಣ ಮೈಕೂ ನಡೆಯುತ್ತದೆ, ಯಾಕೆಂದರೆ ನಮಗೆ ಬೇಕಾಗಿರುವುದು ವ್ಯತ್ಯಾಸ ಮಾತ್ರ. ವಾಲ್ಯೂಮ್ ಮುಟ್ಟದೆ, ಮೈಕ್ ಸರಿಸದೆ, ಅದೇ ಟೇಪಿನ ಮೇಲೆ ಬಲದ ಸ್ಪೀಕರ್ ಇಟ್ಟು ಮತ್ತೊಂದು ಸ್ವೀಪ್. ಇದರಲ್ಲೇ ಒಂದು ಪಾಠ ಸಿಗುತ್ತದೆ. ಒಂದೇ ಪೆಟ್ಟಿಗೆಯಿಂದ ಬಂದ ಎರಡು ಸ್ಪೀಕರ್‌ಗಳೂ ತದ್ರೂಪಿಯಲ್ಲ. ಈ ಮೊದಲ ದಿನದ ಅಂತರವನ್ನು ಬರೆದಿಡಿ. ಇದಿಲ್ಲದೆ ಮುಂದಿನ ಅಳತೆಗೆ ಬೆಲೆ ಇಲ್ಲ.

ಇನ್ನು ಬಲದ್ದನ್ನು ಪೆಟ್ಟಿಗೆಗೆ ಹಾಕಿ. ಎಡದ್ದನ್ನು 20 ಗಂಟೆ ಓಡಿಸಿ. ಅಂಗಡಿಯವರು ಹೇಳಿದ್ದು 200 ಅಲ್ವಾ ಅಂತ ಕೇಳಬಹುದು. ವಾಪಸ್ ಅವಧಿ ಅನುಮತಿಸಿದರೆ ಅಷ್ಟೂ ಓಡಿಸಿ, ಬೇಡ ಅನ್ನುವುದಿಲ್ಲ.

ಓಡಿಸುವ ಕ್ರಮದಲ್ಲಿ ಮಂತ್ರ ತಂತ್ರ ಏನಿಲ್ಲ. ಬೇಸ್ ಚೆನ್ನಾಗಿರುವ ಹಾಡುಗಳು, ಸಾಮಾನ್ಯಕ್ಕಿಂತ ಸ್ವಲ್ಪ ಜೋರು. ಕೋನ್ ಕಣ್ಣಿಗೆ ಕಾಣುವಷ್ಟು ಅಲುಗಿದರೆ ಸಾಕು. ಆಂಪನ್ನು ಕೊನೆಯವರೆಗೆ ತಿರುಗಿಸಿ ಶಬ್ದ ಒಡೆಯುವಂತೆ ಮಾಡಬೇಡಿ. ಒಡೆದ ಸಿಗ್ನಲ್ಲಿಗೆ ಟ್ವೀಟರ್ ಸುಡುತ್ತದೆ. ಮದುವೆ ಸೌಂಡ್ಸ್ ಹಾಕುವ ಹುಡುಗರನ್ನು ಕೇಳಿ, ಸುಟ್ಟ ಟ್ವೀಟರ್ ಎಷ್ಟು ಬೇಕಾದರೂ ತೋರಿಸಿಯಾರು. ಗುಡುಗು ಸಿಡಿಲಿನ ಹೊತ್ತಿಗೆ, ಅದರಲ್ಲೂ ಮೇ-ಜೂನ್ ಮತ್ತು ಅಕ್ಟೋಬರ್ ಸಂಜೆಗಳಲ್ಲಿ, ಪ್ಲಗ್ ಕಿತ್ತಿಡಿ. ಮನೆಯಲ್ಲಿ ಯಾರೂ ಇಲ್ಲದಾಗ ರಾತ್ರಿಯಿಡೀ ಓಡಿಸುವ ಐಡಿಯಾ ಬೇಡವೇ ಬೇಡ.

(ಪರೀಕ್ಷೆ ಬೇಡ, ಸುಮ್ನೆ ಎರಡನ್ನೂ ಬೇಗ ಸಡಿಲಿಸಿದರೆ ಸಾಕು ಅನ್ನುವವರಿಗೆ ಒಂದು ಉಪಾಯ. ಎರಡು ಸ್ಪೀಕರ್‌ಗಳನ್ನು ಎದುರುಬದುರು ಒಂದು ಗೇಣಿಗಿಂತ ಹತ್ತಿರ ಇಟ್ಟು, ಒಂದರ ಕೆಂಪು-ಕಪ್ಪು ತಂತಿ ತಿರುಗಿಸಿ, ಮೋನೋದಲ್ಲಿ (ಎರಡಕ್ಕೂ ಒಂದೇ ಸಿಗ್ನಲ್) ಹಾಕಿ. ಒಂದು ಕೋನ್ ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗುತ್ತದೆ. ಬೇಸ್ ಬಹುಪಾಲು ಅಲ್ಲಲ್ಲೇ ರದ್ದಾಗುತ್ತದೆ. ಮೇಲೊಂದು ಕಂಬಳಿ ಹೊದೆಸಿದರೆ ಪಕ್ಕದ ಮನೆಯವರಿಗೂ ನಿದ್ದೆ. ಮುಗಿದ ಮೇಲೆ ತಂತಿ ಸರಿ ಮಾಡಲು ಮರೆಯಬೇಡಿ.)

20 ಗಂಟೆ ಆದ ಮೇಲೆ ಎರಡೂ ಸ್ಪೀಕರ್ ಒಂದೇ ಕೋಣೆಯಲ್ಲಿ ಅರ್ಧ ದಿನ ಇರಲಿ. ರಬ್ಬರ್, ಬಟ್ಟೆ, ಕಾಗದದ ಕೋನ್ ಎಲ್ಲಕ್ಕೂ ಬಿಸಿ ಮತ್ತು ತೇವ ತಾಗುತ್ತದೆ. ಒಂದು ಎಸಿ ಕೋಣೆಯಲ್ಲಿ, ಇನ್ನೊಂದು ಅಟ್ಟದಲ್ಲಿ ಇದ್ದರೆ ಹೋಲಿಕೆ ಹಾಳು. ಆಮೇಲೆ ಅದೇ ಟೇಪ್, ಅದೇ ಮೈಕ್, ಅದೇ ವಾಲ್ಯೂಮ್, ಎರಡು ಸ್ವೀಪ್. ಮೊದಲ ದಿನದ ಅಂತರಕ್ಕೂ ಇವತ್ತಿನ ಅಂತರಕ್ಕೂ ಎಷ್ಟು ಬದಲಾಗಿದೆ ನೋಡಿ. ಅದು ನಿಮ್ಮ ಬ್ರೇಕ್-ಇನ್. ಇರುವುದಾದರೆ ಕೆಳಗಿನ ಬೇಸ್ ಭಾಗದಲ್ಲಿ ಸ್ವಲ್ಪ ಕಾಣಬೇಕು. ಮಧ್ಯದ ಮತ್ತು ಮೇಲಿನ ಭಾಗದಲ್ಲಿ ಗೆರೆಗಳು ಒಂದರ ಮೇಲೊಂದು ಕೂರುತ್ತವೆ. ಕೂರದಿದ್ದರೆ ಮೊದಲು ಮೈಕ್ ಸರಿದಿದೆಯಾ ನೋಡಿ.

ಹಂತ 5: ಕಣ್ಣು ಮುಚ್ಚಿ ಕೇಳಿ

ಗೆರೆ ಏನೇ ಹೇಳಲಿ, ಕಿವಿ ಬೇರೆ ಹೇಳುತ್ತದೆ ಅನ್ನುವವರಿಗೆ ಈ ಹಂತ. ಕಿವಿಗೆ ಪೂರ್ತಿ ಗೌರವ ಕೊಡೋಣ, ಆದರೆ ಕಣ್ಣಿಗೆ ರಜೆ.

ಹೀಗೆ ಯಾಕೆ ಅಂದರೆ, ಶಬ್ದದ ಸೂಕ್ಷ್ಮ ವಿವರ ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಮೂರು ತಿಂಗಳ ಹಿಂದಿನ ಸ್ಪೀಕರ್ ಹೇಗೆ ಕೇಳಿಸುತ್ತಿತ್ತು ಅಂತ ನಮಗೆ ನೆನಪಿರುವುದು ಮಾತು ಮಾತ್ರ, ಶಬ್ದವಲ್ಲ. ಅಷ್ಟರಲ್ಲಿ ಕಿವಿ ಹೊಸ ಶಬ್ದಕ್ಕೆ ಹೊಂದಿಕೊಂಡಿರುತ್ತದೆ. ಮೊದಲ ವಾರ ಚುಚ್ಚುತ್ತಿದ್ದ ಟ್ರೆಬಲ್ ನಾಲ್ಕನೇ ವಾರ ಚುಚ್ಚುವುದಿಲ್ಲ. ಬ್ರೇಕ್-ಇನ್ ಆಗಿದ್ದು ಸ್ಪೀಕರಿಗಲ್ಲ, ಕೇಳುವವರಿಗೆ. ಬೆಲೆಯ ಪ್ರಭಾವವೂ ಚಿಕ್ಕದಲ್ಲ. 1994ರಲ್ಲಿ ಆಡಿಯೋ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಪ್ರಕಟಿಸಿದ ಪ್ರಯೋಗದಲ್ಲಿ, ಅವೇ ಸ್ಪೀಕರ್‌ಗಳನ್ನು ಅವೇ ಜನ ನೋಡಿಕೊಂಡು ಕೇಳಿದಾಗ ಕೊಟ್ಟ ಅಂಕ ಬೇರೆ, ಪರದೆಯ ಹಿಂದೆ ಕೇಳಿದಾಗ ಕೊಟ್ಟ ಅಂಕ ಬೇರೆ. ಆ ಕೇಳುಗರು ಆಡಿಯೋ ಕಂಪೆನಿಯವರೇ. ನಾವು ನೀವು ಯಾವ ಲೆಕ್ಕ ಮಾರಾಯ್ರೇ!

ಎರಡು ಸ್ಪೀಕರ್‌ಗಳನ್ನು ಒತ್ತೊತ್ತಾಗಿ ಇಡಿ. ಮುಂದೆ ತೆಳ್ಳಗಿನ ಒಂದು ಪಂಚೆ ಇಳಿಬಿಡಿ. ಹಾಡು ಮೋನೋದಲ್ಲಿರಲಿ. ಆಂಪಿನ ಬ್ಯಾಲೆನ್ಸ್ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ತಕ್ಷಣ ಹಾರಬಹುದು. ಮನೆಯ ಒಬ್ಬರು ಸಹಾಯಕ್ಕೆ ಬೇಕು. ನೀವು ಕೋಣೆಯಿಂದ ಹೊರಗೆ ಹೋಗಿ. ಅವರು ನಾಣ್ಯ ಚಿಮ್ಮಿ, ತಲೆ ಬಿದ್ದರೆ ಸ್ಪೀಕರ್‌ಗಳ ಜಾಗ ಅದಲುಬದಲು ಮಾಡಲಿ, ಇಲ್ಲದಿದ್ದರೆ ಮಾಡಿದ ಹಾಗೆ ಸದ್ದು ಮಾಡಲಿ. ನೀವು ಒಳಗೆ ಬಂದ ಮೇಲೆ ಅವರು ಮಾತಾಡಬಾರದು, ಮುಖವನ್ನೂ ತೋರಿಸದಿದ್ದರೆ ಒಳ್ಳೆಯದು. ನೀವು ಹೇಳಬೇಕಾದದ್ದು ಒಂದೇ: ಓಡಿಸಿದ ಸ್ಪೀಕರ್ ಈಗ ಯಾವ ಕಡೆ ಇದೆ, ಎಡಕ್ಕಾ, ಬಲಕ್ಕಾ?

16 ಸಲ ಮಾಡಿ. ಒಂದೇ ಸಂಜೆ ಬೇಡ, ಎರಡು ಸಂಜೆ ಎಂಟೆಂಟು. ಎಷ್ಟು ಸಲ ಅನ್ನುವುದನ್ನು ಮೊದಲೇ ನಿಶ್ಚಯಿಸಿ. ಗೆಲ್ಲುತ್ತಿರುವಾಗ ನಿಲ್ಲಿಸುವುದು ಕೋಳಿ ಅಂಕದಲ್ಲೂ ಮೋಸವೇ. ಬರೀ ಅದೃಷ್ಟದಿಂದ 16ರಲ್ಲಿ 12 ಅಥವಾ ಜಾಸ್ತಿ ಸರಿಯಾಗುವ ಸಾಧ್ಯತೆ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಎಂಟೋ ಒಂಬತ್ತೋ ಬಂದರೆ ನಾಣ್ಯವೂ ಅಷ್ಟೇ ಸರಿ ಹೇಳುತ್ತದೆ. 12 ದಾಟಿದರೂ ಮೊದಲ ದಿನದ ಸ್ವೀಪ್ ನೋಡಿ. ನೀವು ಗುರುತಿಸಿದ್ದು ಮೊದಲಿನಿಂದಲೇ ಇದ್ದ ಅಂತರವನ್ನೂ ಆಗಿರಬಹುದು.

ಯಾವ ಹಾಡು? ನಿಮಗೆ ಎದುರಿಗೆ ಕೇಳಿ ಗೊತ್ತಿರುವ ವಾದ್ಯ ಇದ್ದರೆ ಚೆಂದ. ಇಲ್ಲಿಯವರಿಗೆ ಚೆಂಡೆಯ ಪೆಟ್ಟು, ಮದ್ದಳೆಯ ಗುಂಯ್ಗುಡುವ ನಾದ, ಚಕ್ರತಾಳದ ಮೊನಚು ಕಿವಿಯಲ್ಲೇ ಕೂತಿದೆ. ಆದರೆ ಬಯಲಾಟದ ರೆಕಾರ್ಡಿಂಗುಗಳಲ್ಲಿ ಮೈಕ್ ಒಡೆದ ಸದ್ದೇ ಜಾಸ್ತಿ, ನೋಡಿ ಆರಿಸಿ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಒಳ್ಳೆಯ ಆಯ್ಕೆ, ಅದರ ಉಸಿರು ಮತ್ತು ಲೋಹದ ಹೊಳಪು ಎರಡೂ ಮಧ್ಯದ ಭಾಗವನ್ನು ಚೆನ್ನಾಗಿ ಬಯಲು ಮಾಡುತ್ತವೆ.

ಆಂಪ್ ಅಥವಾ ಕೇಬಲ್ ಹೋಲಿಸುವುದಾದರೆ ಶಬ್ದದ ಮಟ್ಟ ಸಮ ಮಾಡುವುದು ಬಹಳ ಮುಖ್ಯ. ಸ್ವಲ್ಪ ಜೋರು ಇರುವುದು ಯಾವಾಗಲೂ ‘ಉತ್ತಮ’ ಅನ್ನಿಸುತ್ತದೆ. 100 ಹರ್ಟ್ಸ್‌ನ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್ಲಿನಲ್ಲಿ ಮಲ್ಟಿಮೀಟರಿನಿಂದ ಎಸಿ ವೋಲ್ಟೇಜ್ ಅಳೆಯಿರಿ. ಒಂದು 2.00 ವೋಲ್ಟ್ ತೋರಿಸಿದರೆ ಇನ್ನೊಂದು 2.02 ಮೀರಬಾರದು. ಅದು ಸುಮಾರು 0.1 ಡೆಸಿಬೆಲ್.

ಹಂತ 6: ಬ್ರೇಕ್-ಇನ್‌ಗೆ ಕಾಯುವ ಬದಲು ಸ್ಪೀಕರ್ ಸರಿಸಿ

ಸ್ಪೀಕರ್ ಇಷ್ಟವಾಗುತ್ತಿಲ್ಲವೇ? ಮೊದಲು ಅದರ ಜಾಗ ಬದಲಿಸಿ. ನಮ್ಮ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 348 ಮೀಟರ್. ವೂಫರ್ ಹಿಂದಿನ ಗೋಡೆಯಿಂದ ಒಂದು ಮೀಟರ್ ದೂರ ಇದ್ದರೆ, ಗೋಡೆಗೆ ಬಡಿದು ಬರುವ ಶಬ್ದ 87 ಹರ್ಟ್ಸ್ ಸುತ್ತ ಮೂಲ ಶಬ್ದವನ್ನು ತಿಂದುಹಾಕುತ್ತದೆ. ಅರ್ಧ ಮೀಟರ್ ಆದರೆ ಆ ಗುಂಡಿ 174 ಹರ್ಟ್ಸ್‌ಗೆ ಹೋಗುತ್ತದೆ. ಮೂರೂವರೆ ಮೀಟರಿನ ಕೋಣೆಯಲ್ಲಿ 50 ಹರ್ಟ್ಸ್ ಹತ್ತಿರ ಒಂದು ಸ್ವರ ಗುಮ್ಮೆನ್ನುತ್ತದೆ. ಇವು ಹಲವು ಡೆಸಿಬೆಲ್‌ಗಳ ಏರಿಳಿತ. ಮೇಲೆ ಲೆಕ್ಕ ಹಾಕಿದ ಎರಡು ಹರ್ಟ್ಸ್ ಇದರ ಮುಂದೆ ಏನೂ ಅಲ್ಲ.

ಮನೆಯ ರೀತಿಯೂ ಮುಖ್ಯ. ಹಂಚಿನ ಮಾಡು, ಮರದ ಅಟ್ಟ ಇರುವ ಹಳೆ ಮನೆಯಲ್ಲಿ ಬೇಸ್ ಸ್ವಲ್ಪ ಹೊರಗೆ ಸೋರಿ ಹೋಗುತ್ತದೆ, ಗುಂಯ್ ಕಡಿಮೆ. ಕದ್ರಿಯಲ್ಲೋ ಮಣಿಪಾಲದಲ್ಲೋ ಹೊಸ ಫ್ಲ್ಯಾಟಾದರೆ ಆರ್‌ಸಿಸಿ ಗೋಡೆ, ಟೈಲ್ಸ್ ನೆಲ, ದೊಡ್ಡ ಗಾಜಿನ ಕಿಟಕಿ. ಎಲ್ಲವೂ ಶಬ್ದವನ್ನು ವಾಪಸ್ ಎಸೆಯುತ್ತವೆ. ಅಂಥಲ್ಲಿ ಟ್ರೆಬಲ್ ಚುಚ್ಚಿದರೆ ದಪ್ಪ ಪರದೆ, ಒಂದು ಜಮಖಾನ, ತುಂಬಿದ ಪುಸ್ತಕದ ಕಪಾಟು. ಇವುಗಳ ಪರಿಣಾಮ ಅದೇ ಸಂಜೆ ಕೇಳಿಸುತ್ತದೆ. ಸ್ಪೀಕರನ್ನು ಒಂದೊಂದು ಗೇಣು ಸರಿಸುತ್ತಾ ಸ್ವೀಪ್ ತೆಗೆಯಿರಿ.

ಇಷ್ಟಾದರೂ ಮನಸ್ಸಿಗೆ ಹಿಡಿಸಲಿಲ್ಲ ಅಂದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನಕ್ಕೆ ಮೊದಲೇ ವಾಪಸ್ ಕೊಡಿ.

ಹಂತ 7: ಅಟ್ಟದಲ್ಲಿರುವ ಗಲ್ಫ್ ಸೆಟ್‌ಗೆ ಮಾತ್ರ ಬೇರೆ ನಿಯಮ

ಕರಾವಳಿಯ ಬಹಳ ಮನೆಗಳಲ್ಲಿ ಎಂಬತ್ತು, ತೊಂಬತ್ತರ ದಶಕದಲ್ಲಿ ದುಬೈ, ಬಹ್ರೇನ್, ಸೌದಿಯಿಂದ ತಂದ ಸಾನ್ಸುಯಿ, ಪಯನಿಯರ್, ಆಕಾಯ್ ಸೆಟ್‌ಗಳಿವೆ. ವರ್ಷಗಟ್ಟಲೆ ಮುಟ್ಟದೆ ಇಟ್ಟ ಇಂಥ ಸೆಟ್‌ಗೆ ನಿಧಾನದ ಆರಂಭ ನಿಜವಾಗಿ ಬೇಕು. ಅದರ ಕೆಪಾಸಿಟರ್‌ಗಳ ಆಕ್ಸೈಡ್ ಪದರ ಇಷ್ಟು ವರ್ಷದಲ್ಲಿ ಕ್ಷೀಣಿಸಿರುತ್ತದೆ. ನೇರ 230 ವೋಲ್ಟ್ ಕೊಟ್ಟರೆ ಸಿಡಿಯಬಹುದು. ಹಿಂದಿನ ವೋಲ್ಟೇಜ್ ಸ್ವಿಚ್ಚನ್ನೂ ನೋಡಿ. ಸೌದಿಯ ಬಹಳ ಮನೆಗಳಲ್ಲಿ ಆಗ 127 ವೋಲ್ಟ್ ಇತ್ತು, ಸ್ವಿಚ್ ಅಲ್ಲೇ ನಿಂತಿರಬಹುದು. ರಿಪೇರಿಯವರ ಬಳಿ ಕೊಂಡುಹೋದರೆ ಕರೆಂಟ್ ತಡೆಯಲು ದಾರಿಯಲ್ಲೊಂದು ಸೀರೀಸ್ ಬಲ್ಬ್ ಹಾಕುತ್ತಾರೆ, ಅಥವಾ ವೇರಿಯಾಕ್ (ವೋಲ್ಟೇಜ್ ಹೊಂದಿಸುವ ಟ್ರಾನ್ಸ್‌ಫಾರ್ಮರ್) ಇಟ್ಟು ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಬಲ್ಬ್ ಒಮ್ಮೆ ಉರಿದು ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಉಂಟು.

ಆ ಕಾಲದ ಸ್ಪೀಕರಿನ ಜಾಲರಿ ತೆಗೆದು ಸರೌಂಡ್ ಮೇಲೆ ಬೆರಳು ಮೆಲ್ಲಗೆ ಒತ್ತಿ ನೋಡಿ. ಫೋಮ್ ಆಗಿದ್ದರೆ ಹುಡಿಯಾಗಿ ಉದುರುವ ಸಂಭವ ಜಾಸ್ತಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನ ತೇವಕ್ಕೆ ಆ ಫೋಮ್ ಬೇಗ ಕೊಳೆಯುತ್ತದೆ. ಪೆಟ್ಟಿಗೆ, ಮ್ಯಾಗ್ನೆಟ್ ಚೆನ್ನಾಗಿದ್ದರೆ ಎಸೆಯಬೇಡಿ. ಫೋಮ್ ಬದಲು ರಬ್ಬರ್ ಸರೌಂಡ್ ಹಾಕಿಸುವುದಾದರೆ ಮೂಲದಷ್ಟೇ ಮೆತ್ತಗಿರುವುದನ್ನು ಆರಿಸಲು ಹೇಳಿ, ಗಟ್ಟಿ ರಬ್ಬರ್ ಬೇಸನ್ನು ತಿನ್ನುತ್ತದೆ. ಸ್ಪೈಡರ್ ಕೂಡ ಬದಲಿಸಿ ರೀಕೋನ್ (ಹೊಸ ಕೋನ್ ಕೂರಿಸುವುದು) ಮಾಡಿಸಿದರೆ ಆ ಸ್ಪೀಕರ್ ಮತ್ತೆ ಹೊಸದರಂತೆ ಬಿಗಿಯಾಗಿ ಬರುತ್ತದೆ. ಅಂಟು ಒಣಗಲು ಒಂದು ದಿನ ಬಿಡಿ. ಆಮೇಲೆ ಬೇಸ್ ಇರುವ ಹಾಡು ಹಾಕಿ ಎರಡು ಸಂಜೆ ಕೇಳಿದರೆ ಸಡಿಲಾಗಬೇಕಾದದ್ದು ಸಡಿಲಾಗಿರುತ್ತದೆ.